ಚೆಂಡು ಬಿಟ್ಟು ಫುಟ್‌ಬಾಲ್ ನೋಡಿದ್ದು

ಧಾರವಾಡದಲ್ಲಿ ಕೃಷಿ ಪದವಿ ಮುಗಿಸಿ, ಮಣ್ಣಿನ ವಿಷಯ ಓದಲು ನಾನು ಬಂದಿದ್ದು ಅಮೆರಿಕದ ನೆಬ್ರಾಸ್ಕಾಕ್ಕೆ, ಲಿಂಕನ್ ಊರಿಗೆ. ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ, ಸೋಯಾ. ಹೊಲ ನೋಡಿ ಬೆಳೆದವರಿಗೆ ಬೇಗ ಒಗ್ಗುವ ಊರು. ಆದರೆ ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ ಊರಿಗೆ ಊರೇ ಕೆಂಪು ಬಟ್ಟೆ ಹಾಕಿಕೊಂಡು ಒಂದೇ ಕಡೆ ನಡೆಯುವುದನ್ನು ಕಂಡು ಬೆರಗಾದೆ. ವಿಶ್ವವಿದ್ಯಾಲಯದ ಫುಟ್‌ಬಾಲ್ ಪಂದ್ಯ. ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಇಲ್ಲಿನ ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರಿನಿಂದ ಟಿಕೆಟ್ ಉಳಿದ ಲೆಕ್ಕವೇ ಇಲ್ಲ. ಆಟದ ದಿನ ಆ ಸ್ಟೇಡಿಯಮ್ಮೇ ರಾಜ್ಯದ ಮೂರನೇ ದೊಡ್ಡ ಊರು ಎಂದು ಇಲ್ಲಿಯವರು ಹೇಳುತ್ತಾರೆ.

ಮೊದಲ ವರ್ಷ ಎಲ್ಲರಂತೆ ನಾನೂ ಚೆಂಡನ್ನೇ ನೋಡಿದೆ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಎಸೆದ, ಯಾರೋ ಹಿಡಿದ, ಜನ ಕೂಗಿದರು, ನಾನೂ ಕೂಗಿದೆ. ಅಷ್ಟೇ. ಆಟ ಅರ್ಥವಾಗಿದೆ ಅಂದುಕೊಂಡಿದ್ದೆ.

ನಮ್ಮ ಲ್ಯಾಬಿನಲ್ಲಿ ಮಣ್ಣಿನ ಮಾದರಿ ಒಣಗಿಸಿ, ಜರಡಿ ಹಿಡಿದು ಕೊಡುವ ಒಬ್ಬರಿದ್ದರು. ದೊಡ್ಡ ಆಳು, ಮಾತು ಕಡಿಮೆ. ಅವರು ಇದೇ ಟೀಮಿನಲ್ಲಿ ನಾಲ್ಕು ವರ್ಷ ಇದ್ದರು ಎಂದು ಯಾರೋ ಹೇಳಿದರು. ನಾನು ಖುಷಿಯಿಂದ ಹೋಗಿ, 'ಎಷ್ಟು ಪಂದ್ಯ ಆಡಿದ್ರಿ?' ಎಂದು ಕೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: 'ನಾನು ಮಂಗಳವಾರ, ಬುಧವಾರ ಆಡ್ತಿದ್ದೆ.'

ಆ ಮಾತು ತಿಳಿಯಲು ನನಗೆ ಒಂದು ಸೀಸನ್ ಬೇಕಾಯಿತು. ಅವರು ವಾಕ್-ಆನ್. ಅಂದರೆ ಸ್ಕಾಲರ್‌ಶಿಪ್ ಇಲ್ಲದೆ, ತಮ್ಮ ಫೀಸು ತಾವೇ ಕಟ್ಟಿಕೊಂಡು ಟೀಮು ಸೇರಿದವರು. ಅವರ ಕೆಲಸ ಸ್ಕೌಟ್ ಟೀಮಿನಲ್ಲಿ. ಬರುವ ಶನಿವಾರ ಎದುರಾಗುವ ತಂಡ ಹೇಗೆ ಆಡುತ್ತದೋ ಹಾಗೆಯೇ ವಾರದ ನಡುವೆ ಅಭ್ಯಾಸದಲ್ಲಿ ಆಡಿ ತೋರಿಸಬೇಕು. ಒಂದು ವಾರ ಅಯೋವಾ, ಮುಂದಿನ ವಾರ ವಿಸ್ಕಾನ್ಸಿನ್. ಮೊದಲ ಸಾಲಿನ ಆಟಗಾರರು ದಿನವೂ ಬಂದು ಡಿಕ್ಕಿ ಹೊಡೆಯುತ್ತಾರೆ, ಇವರು ಏಳುತ್ತಾರೆ, ಮತ್ತೆ ನಿಲ್ಲುತ್ತಾರೆ. ಶನಿವಾರ ಅಂಚಿನಲ್ಲಿ ನಿಂತು ನೋಡುತ್ತಾರೆ. ಹೀಗೆ ನಾಲ್ಕು ವರ್ಷ.

ನಾನು ಕೇಳಿದ ಪ್ರಶ್ನೆ ಎಷ್ಟು ಒರಟಾಗಿತ್ತು ಎಂದು ಆಮೇಲೆ ನೆನೆದು ನೋವಾಯಿತು. ಯಾಕಂದ್ರೆ ನನಗೆ ಗೊತ್ತಿರಬೇಕಿತ್ತು. ಹೈಸ್ಕೂಲಿನ ಕಬಡ್ಡಿ ಟೀಮಿನಲ್ಲಿ ನಾನು ಕವರ್ ಆಡುತ್ತಿದ್ದೆ. ಕಾರ್ನರ್‌ನವರು ರೈಡರ್‌ನ ಕಾಲು ಹಿಡಿದರೆ, ಅವನು ಗೆರೆ ಮುಟ್ಟದಂತೆ ಮೇಲೆ ಬಿದ್ದು ತಡೆಯುವುದು ಕವರ್ ಕೆಲಸ. ಸೀಟಿ ಹೊಡೆಯುವ ಜನ ಕರೆಯುವುದು ಕಾಲು ಹಿಡಿದವರ ಹೆಸರನ್ನು. ನಾನು ಸಣ್ಣವಳಿದ್ದಾಗ ಅದಕ್ಕೆ ಬೇಜಾರು ಮಾಡಿಕೊಂಡವಳೇ.

ಅವರಲ್ಲಿ ಕ್ಷಮೆ ಕೇಳಿ, ಹೇಗೆ ನೋಡಬೇಕು ಹೇಳಿಕೊಡಿ ಅಂದೆ. ಅವರು ಹೇಳಿದ್ದು ಒಂದೇ. 'ಒಬ್ಬನನ್ನು ಆರಿಸಿಕೋ. ಚೆಂಡು ನೋಡಬೇಡ.'

ನಾನು ಎಡ ಗಾರ್ಡ್‌ನನ್ನು ಆರಿಸಿಕೊಂಡೆ. ಚೆಂಡು ಹಿಂದಕ್ಕೆ ಕೊಡುವ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ಅವರ ಆಚೆ ಟ್ಯಾಕಲ್‌ಗಳು. ಲೈನ್‌ಮನ್ ಎನ್ನುವ ಈ ಐದು ಜನ ಮಾಮೂಲಾಗಿ ಪಾಸ್ ಹಿಡಿಯುವಂತಿಲ್ಲ. ಓಡುವವನಿಗೆ ದಾರಿ ಮಾಡಬೇಕು, ಎಸೆಯುವವನನ್ನು ಕಾಪಾಡಬೇಕು. ಪಂದ್ಯದ ಅಂಕಿಅಂಶದ ಹಾಳೆಯಲ್ಲಿ ಇವರಿಗೆ ಜಾಗವೇ ಇರುವುದಿಲ್ಲ ಎನ್ನಬಹುದು. ಮೈಕಿನಲ್ಲಿ ಇವರ ನಂಬರ್ ಕೇಳುವುದು ತಪ್ಪು ಮಾಡಿದಾಗ ಮಾತ್ರ. ಎದುರಾಳಿಯ ಅಂಗಿ ಹಿಡಿದೆಳೆದರೆ 'ಹೋಲ್ಡಿಂಗ್' ಎಂದು ನಂಬರ್ ಕೂಗಿ ಹತ್ತು ಗಜ ಹಿಂದೆ ಕಳಿಸುತ್ತಾರೆ.

ಬರೆದುಕೊಳ್ಳಲು ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಚೆಂಡು ಹೊರಟು ನಿಲ್ಲುವವರೆಗಿನ ಪ್ರತಿ ಆಟಕ್ಕೂ ಒಂದು ಗುರುತು. ಗಾರ್ಡ್ ತನ್ನ ಎದುರಾಳಿಯನ್ನು ತಡೆದರೆ ಕೂಡು ಗುರುತು, ಸೋತರೆ ಕಳೆ ಗುರುತು, ಕಾಣದಿದ್ದರೆ ಸೊನ್ನೆ. ಮೊದಲ ದಿನ ಪುಟದ ತುಂಬ ಸೊನ್ನೆ. ಕಣ್ಣು ಕೇಳುವುದೇ ಇಲ್ಲ. ಸ್ನ್ಯಾಪ್ ಆದ, ಅಂದರೆ ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟ ಕ್ಷಣಕ್ಕೇ ಚೆಂಡಿನ ಹಿಂದೆ ಓಡುತ್ತದೆ. ಅಕ್ಕಪಕ್ಕದವರು ಎದ್ದು ಕೂಗಿದಾಗ ನೋಡದೆ ಇರುವುದಂತೂ ಬಹಳ ಕಷ್ಟ. ಇಡೀ ಪಂದ್ಯಕ್ಕೆ ಬದಲು, ಟೀಮಿನ ಕೈಗೆ ಚೆಂಡು ಬಂದ ಒಂದು ಸರದಿ ಮುಗಿಯುವವರೆಗೆ ಮಾತ್ರ ಅವನನ್ನು ನೋಡುವುದು ಎಂದು ಕಡಿಮೆ ಮಾಡಿಕೊಂಡೆ. ಆಗ ಸ್ವಲ್ಪ ಹಿಡಿತ ಬಂತು.

ಕೂರುವ ಜಾಗ ಬದಲಿಸಿದ್ದು ಎಲ್ಲಕ್ಕಿಂತ ಜಾಸ್ತಿ ಸಹಾಯವಾಯಿತು. ನಡುಗೆರೆಯ ಹತ್ತಿರದ ಸೀಟು ಎಲ್ಲರಿಗೂ ಬೇಕು. ನಾನು ಗೋಲ್ ಕಂಬದ ಹಿಂದೆ, ಮೇಲಿನ ಸಾಲಿಗೆ ಹೋದೆ. ಅಲ್ಲಿಂದ ಎರಡು ಸಾಲಿನ ನಡುವೆ ಸಂದು ತೆರೆಯುವುದು, ಮುಚ್ಚುವುದು ಚೆನ್ನಾಗಿ ಕಾಣುತ್ತದೆ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಜೊತೆ ಹೋಗುತ್ತದೆ, ಅದಕ್ಕೆ ರೆಕಾರ್ಡ್ ಮಾಡಿಕೊಂಡು ಧ್ವನಿ ತೆಗೆದು ಎರಡನೇ ಸಲ ನೋಡುತ್ತೇನೆ. ಹೀಗೆ ನೋಡುತ್ತಾ ಒಂದು ಸುಲಭ ಗುರುತು ಸಿಕ್ಕಿತು. ಸ್ನ್ಯಾಪ್ ಆದೊಡನೆ ಲೈನ್‌ಮನ್‌ನ ಹೆಲ್ಮೆಟ್ ಮುಂದೆ ನುಗ್ಗಿದರೆ ಓಟ, ಹಿಂದೆ ಸರಿದರೆ ಸಾಮಾನ್ಯವಾಗಿ ಪಾಸ್. ಚೆಂಡು ನೋಡುವವರಿಗಿಂತ ಮೊದಲೇ ನನಗೆ ಗೊತ್ತಾಗತೊಡಗಿತು.

ಆದರೆ ನನ್ನ ನೋಟ್‌ಬುಕ್ಕಿನ ಕಳೆ ಗುರುತುಗಳು ತಪ್ಪಾಗಿದ್ದವು. ಒಂದು ಪಂದ್ಯದಲ್ಲಿ ನಮ್ಮ ಗಾರ್ಡ್ ಎದುರಾಳಿಯನ್ನು ಒಂದು ಕ್ಷಣ ಮುಟ್ಟಿ ಸುಮ್ನೆ ಬಿಟ್ಟುಬಿಟ್ಟ. ಹಾಗೆ ನಾಲ್ಕು ಸಲ. ನಾಲ್ಕೂ ಕಳೆ ಹಾಕಿದೆ. ಸೋಮವಾರ ಲ್ಯಾಬಿನಲ್ಲಿ ತೋರಿಸಿದಾಗ ಅವರು ಮೂರನ್ನು ಹೊಡೆದು ಹಾಕಿದರು. ಅದು ಸ್ಕ್ರೀನ್ ಪಾಸ್. ಎದುರಾಳಿಗಳನ್ನು ಬೇಕೆಂದೇ ಒಳಗೆ ಬಿಟ್ಟು, ಅವರ ತಲೆಯ ಮೇಲಿಂದ ಚೆಂಡನ್ನು ದಾಟಿಸಿ, ಲೈನ್‌ಮನ್‌ಗಳು ಮುಂದೆ ಓಡಿ ಹೊಸ ದಾರಿ ಮಾಡುತ್ತಾರೆ. ಇನ್ನೊಂದಿದೆ, ಟ್ರ್ಯಾಪ್. ಒಬ್ಬ ಎದುರಾಳಿಯನ್ನು ಯಾರೂ ತಡೆಯದೆ ಬಿಡುತ್ತಾರೆ. ಅವನು ಖುಷಿಯಿಂದ ಒಳಗೆ ನುಗ್ಗುತ್ತಾನೆ. ಅಷ್ಟರಲ್ಲಿ ಆಚೆ ಬದಿಯ ಗಾರ್ಡ್ ಸಾಲಿನ ಹಿಂದಿನಿಂದ ಓಡಿ ಬಂದು ಪಕ್ಕದಿಂದ ಅವನನ್ನು ತಳ್ಳುತ್ತಾನೆ. ಅವನು ಬಿಟ್ಟ ಜಾಗದಲ್ಲೇ ನಮ್ಮವನು ಓಡಿಹೋಗುತ್ತಾನೆ. ನಾನು ಸೋಲು ಎಂದು ಬರೆದುಕೊಂಡದ್ದು ಅವರು ತಿಂಗಳುಗಟ್ಟಲೆ ಕಲಿತ ಪಾಠ. ಆ ರಾತ್ರಿ ಕೂತು ಹಿಂದಿನ ಪುಟಗಳನ್ನೆಲ್ಲ ತಿದ್ದಿದೆ.

ಆಮೇಲೆ ಅವರೇ ನನಗೆ 1994ರ ಸೀಸನ್ ನೋಡಲು ಹೇಳಿದರು. ನೆಬ್ರಾಸ್ಕಾದವರಿಗೆ ಆ ವರ್ಷ ಬಾಯಿಪಾಠ. ಕೋಚ್ ಟಾಮ್ ಆಸ್ಬೋರ್ನ್. ಕ್ವಾರ್ಟರ್‌ಬ್ಯಾಕ್ ಟಾಮಿ ಫ್ರೇಜಿಯರ್, ಊರಿನ ಹೀರೋ. ಸೀಸನ್ ಶುರುವಾದ ಕೆಲವೇ ವಾರಕ್ಕೆ ಅವನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆಟ ನಿಂತಿತು. ಅವನ ಹಿಂದೆ ಕಾದು ಕೂತಿದ್ದವನು ಬ್ರೂಕ್ ಬೆರಿಂಜರ್. ವಯೋಮಿಂಗ್ ಪಂದ್ಯದಲ್ಲಿ ಪೆಟ್ಟು ಬಿದ್ದು ಬೆರಿಂಜರ್‌ನ ಶ್ವಾಸಕೋಶವೇ ಕುಸಿಯಿತು. ಕಾನ್ಸಾಸ್ ಸ್ಟೇಟ್ ವಿರುದ್ಧ ಆಟ ಶುರುಮಾಡಬೇಕಾದ್ದು ಮ್ಯಾಟ್ ಟರ್ಮನ್, ಒಬ್ಬ ವಾಕ್-ಆನ್. ಅವತ್ತು ಗೆದ್ದದ್ದು 17–6. ಬೆರಿಂಜರ್ ಮತ್ತೆ ಬಂದ, ಟೀಮು ಸೋಲದೆ ಕೊನೆಯ ಪಂದ್ಯ ತಲುಪಿತು. ಅಷ್ಟು ಹೊತ್ತಿಗೆ ಫ್ರೇಜಿಯರ್ ಗುಣವಾಗಿದ್ದ.

1995ರ ಜನವರಿ 1, ಆರೆಂಜ್ ಬೌಲ್, ಎದುರಿಗೆ ಮಯಾಮಿ. ಆಸ್ಬೋರ್ನ್ ಮೊದಲು ಇಳಿಸಿದ್ದು ಫ್ರೇಜಿಯರ್‌ನನ್ನು. ಬೆರಿಂಜರ್ ನಡುವೆ ಬಂದು ಒಂದು ಟಚ್‌ಡೌನ್ ಪಾಸ್ ಎಸೆದ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ಒಯ್ದು ಅಂಕ ಗಳಿಸುವುದೇ ಟಚ್‌ಡೌನ್). ಕೊನೆಯ ಭಾಗದಲ್ಲಿ ಮತ್ತೆ ಫ್ರೇಜಿಯರ್. 17–9ರಿಂದ ಹಿಂದಿದ್ದವರು 24–17ಕ್ಕೆ ಗೆದ್ದರು. ಗೆಲುವು ತಂದ ಕೊನೆಯ ಎರಡು ಟಚ್‌ಡೌನ್ ಮಾಡಿದವನು ಕೋರಿ ಶ್ಲೆಸಿಂಜರ್, ಫುಲ್‌ಬ್ಯಾಕ್. ಬೇರೆಯವರಿಗೆ ದಾರಿ ಬಿಡಿಸುತ್ತಾ ಹೆಚ್ಚು ಕಾಲ ಕಳೆಯುವ ಜಾಗ ಅದು. ಎರಡು ಸಲವೂ ನಡುವಿನಲ್ಲೇ ಟ್ರ್ಯಾಪ್ ಓಟ.

ಆ ಎರಡು ಓಟಗಳನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮೊದಲು ಶ್ಲೆಸಿಂಜರ್ ಕಂಡ. ಆಮೇಲೆ ಸಾಲಿನ ಐವರು: ಜಟೆಚ್ಕಾ, ವಿಲ್ಕ್ಸ್, ಗ್ರಹಾಂ, ಸ್ಟೈ, ವೀಗರ್ಟ್. ಮೂರು ಗಂಟೆ ಕಾಲ ಒಂದೊಂದೇ ಗಜ ತಳ್ಳುತ್ತಾ ಬಂದದ್ದಕ್ಕೆ ಕೊನೆಯಲ್ಲಿ ಮಯಾಮಿಯ ಮುಂದಿನ ಸಾಲು ಸುಸ್ತಾಗಿ, ಸೊಂಟಕ್ಕೆ ಕೈಯಿಟ್ಟು ನಿಂತಂತೆ ನನಗೆ ಕಂಡಿತು. ಕೊನೆಗೆ ಬೆಂಚಿನ ಮೇಲಿದ್ದ ಬೆರಿಂಜರ್‌ನನ್ನು ಹುಡುಕತೊಡಗಿದೆ. ಕೊನೆಯ ಆಟ ಅವನ ಕೈಗೆ ಬರಲಿಲ್ಲ. ಮುಂದಿನ ವರ್ಷವೂ ಫ್ರೇಜಿಯರ್‌ನೇ ಆಡಿದ, ಇವನು ಕಾದ. 1996ರ ಏಪ್ರಿಲ್ 18ರಂದು ಸಣ್ಣ ವಿಮಾನ ಬಿದ್ದು ಬೆರಿಂಜರ್ ತೀರಿಕೊಂಡ. ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವ ಡ್ರಾಫ್ಟ್‌ಗೆ ಎರಡೇ ದಿನ ಉಳಿದಿತ್ತು. ಇವತ್ತು ಸ್ಟೇಡಿಯಂ ಹೊರಗೆ ಆಸ್ಬೋರ್ನ್ ಜೊತೆ ಕಂಚಿನ ಪ್ರತಿಮೆಯಾಗಿ ನಿಂತಿರುವ ಆಟಗಾರ ಇವನೇ. ಪಂದ್ಯಕ್ಕೆ ಹೋಗುವಾಗ ನಾನು ಆ ದಾರಿಯಲ್ಲೇ ಹೋಗುತ್ತೇನೆ.

ಗಾರ್ಡ್‌ನನ್ನು ನೋಡುವುದು ಕಲಿತ ಮೇಲೆ ಲಾಂಗ್ ಸ್ನ್ಯಾಪರ್‌ನನ್ನು ನೋಡಲು ಕಲಿತೆ. ತಲೆ ಕೆಳಗೆ ಮಾಡಿ, ಕಾಲುಗಳ ನಡುವಿನಿಂದ ಹದಿನೈದು ಗಜ ಹಿಂದೆ ನಿಂತವನ ಕೈಗೆ ಚೆಂಡು ಸೇರಿಸಬೇಕು, ಒಂದು ಸೆಕೆಂಡಿನೊಳಗೆ. ನೂರು ಸಲ ಸರಿ ಕಳಿಸಿದರೆ ಯಾರೂ ಅವನ ಹೆಸರು ಕೇಳುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಅವನಿಗೊಂದು ಪುಟ ಇದೆ. ಗೋಲ್‌ಗೆ ಒದೆಯುವಾಗ ಚೆಂಡು ಹಿಡಿದು, ಹೊಲಿಗೆಯ ಲೇಸು ಒದೆಯುವವನ ಕಡೆ ಬರದಂತೆ ತಿರುಗಿಸಿ ನಿಲ್ಲಿಸುವ ಹೋಲ್ಡರ್‌ಗೂ ಇದೆ.

ವಾಕ್-ಆನ್ ಆಗಿ ಶುರುಮಾಡಿದವರಿಗೆ ಬರ್ಲ್ಸ್‌ವರ್ತ್ ಟ್ರೋಫಿ 2010ರಿಂದ ಇದೆ. ಸಾಲಿನವರಿಗೆ ಒಟ್ಟಾಗಿ ಕೊಡುವ ಜೋ ಮೂರ್ ಪ್ರಶಸ್ತಿ 2015ರಿಂದ. ಒಬ್ಬನಿಗಲ್ಲ, ಇಡೀ ಸಾಲಿಗೆ ಕೊಡುತ್ತಾರೆ ಎನ್ನುವುದು ನನಗೆ ತುಂಬ ಇಷ್ಟ. ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ 1935ರಿಂದ ಕೊಡುತ್ತಿರುವ ಹೈಸ್‌ಮನ್ ಟ್ರೋಫಿ ಮಾತ್ರ ಇಂಥ ಲೈನ್‌ಮನ್ ಒಬ್ಬನಿಗೂ ಬಂದಿಲ್ಲ.

ಈಗ ಕಾಯುವವರು ಕಡಿಮೆಯಾಗುತ್ತಿದ್ದಾರೆ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂದ ಮೇಲೆ ಕಾಲೇಜು ಬದಲಿಸುವುದು ಸುಲಭವಾಯಿತು. ಹೋಗುವವರನ್ನು ನಾನು ದೂರುವುದಿಲ್ಲ. ಆಡುವ ಆಸೆ ಯಾರಿಗಿಲ್ಲ, ಅಲ್ವಾ? ನನಗೆ ಸಂಕಟವಾಗುವುದು 2025ರ ಹೊಸ ನಿಯಮದಿಂದ. ಅದನ್ನು ಒಪ್ಪಿದ ಕಾಲೇಜು ಟೀಮಿನಲ್ಲಿ 105 ಜನರಿಗಷ್ಟೇ ಜಾಗ. ನೆಬ್ರಾಸ್ಕಾದಲ್ಲಿ ಮೊದಲು ಅದಕ್ಕಿಂತ ಎಷ್ಟೋ ಜಾಸ್ತಿ ಹುಡುಗರಿರುತ್ತಿದ್ದರು. ಸಣ್ಣ ಊರುಗಳಿಂದ ಬಂದ ವಾಕ್-ಆನ್‌ಗಳ ಜಾಗವೇ ಮೊದಲು ಹೋಗುತ್ತದೆ. ಇದು ತಪ್ಪು ಎಂದೇ ನನ್ನ ಅಭಿಪ್ರಾಯ.

ನವೆಂಬರಿನ ಕೊನೆಯ ಮನೆಯಂಗಳದ ಪಂದ್ಯಕ್ಕೆ ನಾನು ಒಂದು ಗಂಟೆ ಮೊದಲೇ ಹೋಗುತ್ತೇನೆ. ಓದು ಮುಗಿಸಿ ಹೋಗುವ ಆಟಗಾರರನ್ನು ಅವತ್ತು ಒಬ್ಬೊಬ್ಬರಾಗಿ ಕರೆಯುತ್ತಾರೆ. ಮೈದಾನದಲ್ಲಿ ಅಪ್ಪ ಅಮ್ಮ ನಿಂತಿರುತ್ತಾರೆ. ಹೆಸರು ಕೇಳಿದಂತೆ ನೋಟ್‌ಬುಕ್ ತಿರುವುತ್ತೇನೆ. ಕಳೆದ ಸಲ ಒಬ್ಬ ಹುಡುಗ ಓಡಿ ಬಂದಾಗ ನನ್ನ ಸುತ್ತ ಯಾರೂ ಹೆಚ್ಚು ಚಪ್ಪಾಳೆ ಹೊಡೆಯಲಿಲ್ಲ. ಅವನು ನನ್ನ ಪುಸ್ತಕದಲ್ಲಿದ್ದ. ಅಕ್ಟೋಬರಿನಲ್ಲಿ ಮೂರು ಪಂಟ್, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಡುವುದು. ಮೂರು ಸಲವೂ ನಲವತ್ತು ಗಜ ಓಡಿ ಚೆಂಡು ಬಿದ್ದ ಕಡೆಗೆ ಎಲ್ಲರಿಗಿಂತ ಮೊದಲು ಮುಟ್ಟಿದ್ದ. ಮೂರು ಕೂಡು ಗುರುತು. ನಾನು ಎದ್ದು ನಿಂತು ಅವನ ಹೆಸರು ಕೂಗಿದೆ. ಪಕ್ಕದ ಹೆಂಗಸು ತಿರುಗಿ, 'ನಿಮ್ಮವನಾ?' ಎಂದು ಕೇಳಿದರು. ನೋಟ್‌ಬುಕ್ ಅವರ ಕೈಗೆ ಕೊಟ್ಟೆ.