ರಕ್ತದ ಕ್ಯಾನ್ಸರ್: ಸ್ಲೈಡ್ ನೋಡುವ ನನ್ನ ಕ್ರಮ

ಸೆಲ್ ಕೌಂಟರ್ (ರಕ್ತಕಣ ಎಣಿಸುವ ಮೆಷಿನ್) ಬಿಳಿ ರಕ್ತಕಣ 60,000 ಎಂದು ತೋರಿಸಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಕೈತಪ್ಪುವುದು 2,500 ಇರುವವರದ್ದು. ವೇಗವಾಗಿ ಏರುವ ರಕ್ತದ ಕ್ಯಾನ್ಸರ್ ಆದ ಅಕ್ಯೂಟ್ ಲ್ಯುಕೇಮಿಯಾದಲ್ಲೂ ಕೌಂಟ್ ಇಳಿದಿರಬಹುದು, ಇರುವ ಬ್ಲಾಸ್ಟ್ ಕಣಗಳನ್ನು (ಬಲಿಯದ ಎಳೆಯ ಕಣಗಳನ್ನು) ಮೆಷಿನ್ ಲಿಂಫೋಸೈಟ್ ಅಥವಾ ಮೊನೊಸೈಟ್ ಎಂಬ ಮಾಮೂಲಿ ಬಿಳಿಕಣಗಳ ಲೆಕ್ಕಕ್ಕೆ ಸೇರಿಸಿಬಿಡಬಹುದು. ಹಿಮೋಗ್ಲೋಬಿನ್, ಬಿಳಿಕಣ, ಪ್ಲೇಟ್‌ಲೆಟ್ ಮೂರರಲ್ಲಿ ಎರಡು ಇಳಿದಿದ್ದರೆ ಸ್ಮಿಯರ್ (ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಹರಡಿದ ರಕ್ತ) ನೋಡದೆ ನಾನು ರಿಪೋರ್ಟಿಗೆ ಸಹಿ ಹಾಕುವುದಿಲ್ಲ.

ಸ್ಮಿಯರ್ ಕೆಟ್ಟರೆ ಮುಂದಿನದೆಲ್ಲ ಕೆಟ್ಟಿತು. ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ ರಕ್ತ ತೆಗೆದ ಎರಡು ಗಂಟೆಯೊಳಗೆ ಸ್ಲೈಡ್ ಆಗಬೇಕು. ತಡವಾದರೆ ಕಣದೊಳಗೆ ಗುಳ್ಳೆ ಎದ್ದು ನ್ಯೂಕ್ಲಿಯಸ್ ಆಕಾರಗೆಡುತ್ತದೆ. ಸಣ್ಣ ಹನಿ, ಸ್ಪ್ರೆಡರ್ (ರಕ್ತ ಹರಡುವ ಗಾಜು) 30ರಿಂದ 45 ಡಿಗ್ರಿ ಓರೆ, ತಡೆಯದೆ ಒಂದೇ ಎಳೆತ. ರಕ್ತಹೀನತೆ ಇದ್ದರೆ ರಕ್ತ ತೆಳುವಾಗಿರುತ್ತದೆ, ಆಗ ಕೋನ ಏರಿಸಿ. ಮಳೆಗಾಲದಲ್ಲಿ ಫ್ಯಾನಿನಡಿ ಬೇಗ ಒಣಗಿಸಿ, ಇಲ್ಲದಿದ್ದರೆ ಕೆಂಪುಕಣಗಳಲ್ಲಿ ತೂತು ಬಿದ್ದಂತೆ ಕಾಣುತ್ತದೆ. ಲೀಶ್ಮನ್ ಸ್ಟೇನ್ 2 ನಿಮಿಷ, ಮೇಲೆ ಅದರ ಎರಡರಷ್ಟು 6.8 ಪಿಎಚ್ ಬಫರ್, 8ರಿಂದ 10 ನಿಮಿಷ. ಕೊನೆಗೆ ಬಣ್ಣವನ್ನು ಬಗ್ಗಿಸಿ ಚೆಲ್ಲಬೇಡಿ, ಸ್ಲೈಡ್ ಮಟ್ಟವಾಗಿರುವಾಗಲೇ ನೀರು ಬಿಟ್ಟು ಹರಿಸಿ. ಚೆಲ್ಲಿದರೆ ಮೇಲಿನ ಕೆನೆ ಕಣಗಳ ಮೇಲೆ ಕೂತು ಪ್ಲೇಟ್‌ಲೆಟ್ ಯಾವುದು, ಕಸ ಯಾವುದು ತಿಳಿಯುವುದಿಲ್ಲ.

ಮೊದಲು 10ರ ಲೆನ್ಸಿನಲ್ಲಿ ಬಾಲದ ಕಡೆ ಮತ್ತು ಅಂಚು ನೋಡುತ್ತೇನೆ, ದೊಡ್ಡ ಕಣಗಳು ಅಲ್ಲಿಗೇ ತಳ್ಳಿಕೊಂಡು ಹೋಗಿರುತ್ತವೆ. ಆಮೇಲೆ ಆಯಿಲ್ ಇಮ್ಮರ್ಶನ್ನಿನಲ್ಲಿ (ಎಣ್ಣೆ ಹನಿ ಹಾಕಿ ನೋಡುವ ಹೆಚ್ಚು ಶಕ್ತಿಯ ಲೆನ್ಸಿನಲ್ಲಿ) 200 ಕಣ ಎಣಿಕೆ.

ನಮ್ಮಲ್ಲಿ ಗೊಂದಲ ಹೆಚ್ಚು ಆಗುವುದು ಡೆಂಗ್ಯೂ ದಿನಗಳಲ್ಲಿ. ಡೆಂಗ್ಯೂವಿನ ಲಿಂಫೋಸೈಟ್ ದೊಡ್ಡದು, ಆದರೆ ಸೈಟೊಪ್ಲಾಸಂ (ನ್ಯೂಕ್ಲಿಯಸ್ಸಿನ ಸುತ್ತಲಿನ ಭಾಗ) ಧಾರಾಳ. ಅಂಚು ಕಡುನೀಲಿ, ಪಕ್ಕದ ಕೆಂಪುಕಣವನ್ನು ತಬ್ಬಿದಂತೆ ಬಾಗಿರುತ್ತದೆ. ಅದರ ಕ್ರೊಮಾಟಿನ್ (ನ್ಯೂಕ್ಲಿಯಸ್ಸಿನೊಳಗಿನ ಡಿಎನ್‌ಎ ತುಂಬಿದ ವಸ್ತು) ಗಂಟುಗಂಟು. ಬ್ಲಾಸ್ಟಿನಲ್ಲಿ ನ್ಯೂಕ್ಲಿಯಸ್ಸೇ ಕಣವನ್ನೆಲ್ಲ ತುಂಬಿರುತ್ತದೆ, ಕ್ರೊಮಾಟಿನ್ ಜರಡಿ ಹಿಡಿದ ಹಿಟ್ಟಿನಷ್ಟು ನುಣುಪು, ನಡುವೆ ತಿಳಿಯಾದ ನ್ಯೂಕ್ಲಿಯೋಲಸ್ ಎಂಬ ಚುಕ್ಕೆ. ಅದರಲ್ಲಿ ಕೆಂಪು ಕಡ್ಡಿಯಂಥ ಆವರ್ ರಾಡ್ ಒಂದೇ ಸಿಕ್ಕರೂ ಅದು ಮಯಲಾಯ್ಡ್ (ಲಿಂಫೋಸೈಟ್ ಅಲ್ಲದ ಕಣಸಾಲಿನ) ಜಾತಿಯದು. ಕಡ್ಡಿಗಳು ಸೌದೆ ಹೊರೆಯಂತೆ ಕಟ್ಟು ಕಟ್ಟಾಗಿ ಕಂಡರೆ ಅದೇ ಜಾತಿಯ ಪ್ರೊಮಯಲೋಸೈಟಿಕ್ ಲ್ಯುಕೇಮಿಯಾ. ರಿಪೋರ್ಟ್ ಟೈಪ್ ಆಗಲಿ ಎಂದು ಕಾಯದೆ ಡಾಕ್ಟರಿಗೆ ಆಗಲೇ ಫೋನ್ ಮಾಡುತ್ತೇನೆ. ಇದರಲ್ಲಿ ರಕ್ತಸ್ರಾವದಿಂದ ಗಂಟೆಗಳಲ್ಲೇ ಜೀವ ಹೋಗಬಹುದು. ಇದನ್ನು ಖಚಿತಪಡಿಸುವ ಪಿಎಂಎಲ್-ರಾರಾ ಜೀನ್ ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಇದರ ಔಷಧವಾದ ಆಟ್ರಾ ಮಾತ್ರೆ ಶುರುವಾಗಬೇಕು.

ಇನ್ನೊಂದು ಬಲೆ ಬಿ12 ಕೊರತೆ. ಮೂರೂ ಕೌಂಟ್ ಇಳಿಸಿ, ಮೂಳೆಮಜ್ಜೆಯಲ್ಲಿ (ಬೋನ್ ಮ್ಯಾರೋ) ಎಳೆಯ ಕಣಗಳನ್ನು ತುಂಬಿಸಿ ಲ್ಯುಕೇಮಿಯಾದ ವೇಷ ಹಾಕುತ್ತದೆ. ನ್ಯೂಕ್ಲಿಯಸ್ಸಿಗೆ ಐದಾರು ಹಾಲೆ ಇರುವ ನ್ಯೂಟ್ರೊಫಿಲ್ (ಒಂದು ಬಗೆಯ ಬಿಳಿಕಣ), ಮೊಟ್ಟೆಯಾಕಾರದ ದೊಡ್ಡ ಕೆಂಪುಕಣ ಕಂಡರೆ ಮೊದಲು ಬಿ12 ಮಟ್ಟ ನೋಡಿಸಿ.

ಬೋನ್ ಮ್ಯಾರೋ ಪರೀಕ್ಷೆಯಲ್ಲಿ ಸೂಜಿಯಿಂದ ಮಜ್ಜೆ ಎಳೆಯುವಾಗ ಮೊದಲ ಎಳೆತ ಅರ್ಧ ಎಂಎಲ್ ಮೀರಬಾರದು, ಅದು ಸ್ಲೈಡಿಗೆ. ಹೆಚ್ಚು ಎಳೆದರೆ ರಕ್ತ ಬೆರೆತು ಬ್ಲಾಸ್ಟ್ ಶೇಕಡಾವಾರು ಸುಳ್ಳಾಗಿ ಇಳಿಯುತ್ತದೆ. ಫ್ಲೋ ಸೈಟೊಮೆಟ್ರಿಗೆ (ಕಣದ ಗುರುತುಗಳಿಂದ ಅದರ ಜಾತಿ ತಿಳಿಯುವ ಪರೀಕ್ಷೆ) ಇಡಿಟಿಎ, ಕ್ರೊಮೊಸೋಮ್ ಪರೀಕ್ಷೆಗೆ ಹೆಪಾರಿನ್ ಟ್ಯೂಬ್, ಇವೆರಡಕ್ಕೂ ಎರಡನೇ ಎಳೆತ. ಏನೂ ಬರದಿದ್ದರೆ ಮೂಳೆಯ ತುಣುಕನ್ನು ಫಾರ್ಮಲಿನ್‌ಗೆ ಹಾಕುವ ಮುನ್ನ ಸ್ಲೈಡಿಗೆ ಮೆಲ್ಲಗೆ ಮುಟ್ಟಿಸಿ ಇಂಪ್ರಿಂಟ್ ತೆಗೆಯಬೇಕು.

ಕತ್ತಿನ ಗಂಟಿಗೆ ಲಿಂಫೋಮಾ (ಲಿಂಫೋಸೈಟ್ ಕಣಗಳ ಕ್ಯಾನ್ಸರ್) ಅನುಮಾನವಿದ್ದರೆ ಸೂಜಿ ಪರೀಕ್ಷೆ ಸಾಲದು, ಇಡೀ ಗಂಟನ್ನೇ ತೆಗೆದು ಕಳಿಸಬೇಕು: ಒಂದು ತುಂಡು ಸಲೈನಿನಲ್ಲಿ ಟಿಬಿ ಕಲ್ಚರಿಗೆ, ಉಳಿದದ್ದು ಹತ್ತು ಪಟ್ಟು ಫಾರ್ಮಲಿನ್‌ನಲ್ಲಿ. ದಯವಿಟ್ಟು, ಸ್ಯಾಂಪಲ್ ತೆಗೆಯುವ ಮುನ್ನ ಸ್ಟೀರಾಯ್ಡ್ ಕೊಡಬೇಡಿ. ಗಂಟು ಕರಗುತ್ತದೆ, ಜ್ವರ ಇಳಿಯುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಸ್ಲೈಡಿನಲ್ಲಿ ಮಾತ್ರ ಸತ್ತ ಕಣಗಳು ಉಳಿದಿರುತ್ತವೆ. ಈಗಾಗಲೇ ಕೊಟ್ಟಿದ್ದರೆ ಔಷಧದ ಹೆಸರು, ಡೋಸ್, ತಾರೀಖನ್ನು ಫಾರಂನಲ್ಲಿ ಬರೆದು ಕಳಿಸಿ.