‘ಕುಡಿದಿದ್ದಾನೆ ಬಿಡು’ ಅನ್ನುವ ಮುಂಚೆ: ಆಶಾ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ

ಜಗಲಿ ಮೇಲೆ 70 ದಾಟಿದ ಅಜ್ಜ ಬಿದ್ದಿದ್ದಾರೆ. ಬಾಯಲ್ಲಿ ವಾಸನೆ. ‘ಕುಡಿದಿದ್ದಾನೆ ಬಿಡು, ಬೆಳಿಗ್ಗೆ ಏಳ್ತಾನೆ’ ಅಂತ ಎಲ್ಲರೂ ದಾಟಿಕೊಂಡು ಹೋಗುತ್ತಾರೆ. ತರಬೇತಿ ಕೊಡುವಾಗ ನಾನು ಮೊದಲು ಬಿಡಿಸುವುದು ಈ ಮಾತನ್ನೇ. ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಕಡಿಮೆಯಾಗುತ್ತದೆ. ಹಾಗಾಗಿ ಮೊದಲು ಕುಡಿಯುತ್ತಿದ್ದಷ್ಟೇ ಕುಡಿದರೂ ಈಗ ಜಾಸ್ತಿ ಏರುತ್ತದೆ. ಜೊತೆಗೆ ಬಿಪಿ, ಶುಗರ್, ನಿದ್ದೆ ಮಾತ್ರೆ ಬೇರೆ.

ಮೊದಲ ಪಾಠ ಉಸಿರು. ಭುಜ ತಟ್ಟಿ ಕರೆದರೂ ಎಚ್ಚರವಾಗದಿದ್ದರೆ 108ಕ್ಕೆ ಫೋನ್ ಮಾಡಿಸಿ. ಉಸಿರಿಲ್ಲ, ಅಥವಾ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಎಳೆಯುತ್ತಿದ್ದಾರೆ ಅಂದರೆ ತಕ್ಷಣ ಎದೆ ಒತ್ತಲು ಶುರು ಮಾಡಬೇಕು, ನಿಮಿಷಕ್ಕೆ 100ರಿಂದ 120 ಸಲ. ಉಸಿರು ಸರಿಯಾಗಿದ್ದರೆ ಪಕ್ಕಕ್ಕೆ ಹೊರಳಿಸಿ.

ಈ ಹೊರಳಿಸುವುದನ್ನು ಕಲಿಸಲು ಒಂದು ಗಂಟೆ ಇಡಿ. ಚಾಪೆ ಹಾಸಿ, ಇಬ್ಬಿಬ್ಬರಾಗಿ ಕೂರಿಸಿ. ಮಲಗಿದವರ ಕೈಗಳಲ್ಲಿ ನಮ್ಮ ಕಡೆಯದನ್ನು ಅಗಲಕ್ಕೆ ಚಾಚಬೇಕು. ಆಚೆ ಕಡೆಯ ಕೈ ತಂದು, ಅದರ ಹಿಂಬದಿಯನ್ನು ನಮ್ಮ ಕಡೆಯ ಕೆನ್ನೆಗೆ ಆನಿಸಬೇಕು. ಆಚೆ ಮೊಣಕಾಲು ಮಡಚಿ, ಅದನ್ನೇ ಹಿಡಿದು ನಮ್ಮತ್ತ ಎಳೆಯಬೇಕು. ಹೋದ ಸಲ ಸಣಕಲು ಮೈಯ ಕಾರ್ಯಕರ್ತೆಯೊಬ್ಬರು ದಢೂತಿ ಡ್ರೈವರ್ ಅಣ್ಣನನ್ನು ಒಬ್ಬರೇ ಹೊರಳಿಸಿದರು. ಕೊನೆಗೆ ಗದ್ದ ಎತ್ತಿ, ಬಾಯಿ ನೆಲದ ಕಡೆ ಇರಲಿ. ವಾಂತಿಯಾದರೆ ಹೊರಗೆ ಬರುತ್ತದೆ, ಶ್ವಾಸಕ್ಕೆ ಹೋಗಲ್ಲ. ಆಮೇಲೂ ಉಸಿರು ಎಣಿಸುತ್ತಿರಿ. ನಿಮಿಷಕ್ಕೆ 8ಕ್ಕಿಂತ ಕಡಿಮೆಯಾದರೆ ಮತ್ತೆ 108ಕ್ಕೆ ತಿಳಿಸಿ.

ಮಜ್ಜಿಗೆ, ನಿಂಬೆರಸ, ಕಾಫಿ, ತಲೆಗೆ ತಣ್ಣೀರು ಯಾವುದೂ ಬೇಡ. ಎಚ್ಚರವಿಲ್ಲದವರ ಬಾಯಿಗೆ ಒಂದು ಚಮಚವೂ ಹಾಕಬಾರದು.

ಗ್ಲೂಕೋಮೀಟರ್ ಇದ್ದರೆ ಬಳಸಿ. ಊಟ ಬಿಟ್ಟು ಕುಡಿದು, ಶುಗರ್ ಮಾತ್ರೆಯನ್ನೂ ನುಂಗಿದವರಿಗೆ ಸಕ್ಕರೆ ದಿಢೀರ್ ಇಳಿಯಬಹುದು. ನೋಡುವವರಿಗೆ ಅದೂ ಅಮಲಿನ ಹಾಗೇ ಕಾಣುತ್ತದೆ. 70ಕ್ಕಿಂತ ಕೆಳಗಿದ್ದು, ಎಚ್ಚರವಿದ್ದು, ನುಂಗಬಲ್ಲರು ಅಂದರೆ ಮಾತ್ರ ಸಕ್ಕರೆ ನೀರು ಕೊಡಿ.

ತಲೆ ತಡವಿ ನೋಡುವುದನ್ನೂ ಕಲಿಸಿ. ವಯಸ್ಸಾದವರಲ್ಲಿ ಬಿದ್ದ ಪೆಟ್ಟಿನ ರಕ್ತ ಒಳಗೊಳಗೇ ಜಿನುಗಿ, ವಾರಗಳ ನಂತರ ಮಂಪರು ಬರಬಹುದು. ‘ಈಚೆಗೆ ಎಲ್ಲಾದರೂ ಬಿದ್ದಿದ್ದರಾ?’ ಅಂತ ಮನೆಯವರನ್ನು ಕೇಳಲೇಬೇಕು.

ಕುಡಿತ ನಿಲ್ಲಿಸಿದಾಗಲೂ ಜೀವಕ್ಕೆ ಅಪಾಯವಿದೆ ಅಂದರೆ ತರಬೇತಿಯಲ್ಲಿ ಎಲ್ಲರೂ ಬೆರಗಾಗುತ್ತಾರೆ. ದಿನಾ ಕುಡಿಯುವವರು ಮಾಲೆ ಹಾಕಿಕೊಂಡೋ, ಕಾಲು ಮುರಿದು ಹಾಸಿಗೆ ಹಿಡಿದೋ ಒಮ್ಮೆಲೇ ಬಿಟ್ಟರೆ, ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಬೆವರು ಸುರಿಯುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ ‘ಗೋಡೆ ಮೇಲೆ ಹುಳ ಹರೀತಿದೆ’ ಅಂತ ಕಿರುಚಬಹುದು. ಮನೆಯವರು ದೆವ್ವ ಮೆಟ್ಟಿದೆ ಅಂದುಕೊಳ್ಳುತ್ತಾರೆ. ಹಾಗೆ ಕಿರುಚುವವರಿಗೆ ಬೇಕಿರುವುದು ಆಸ್ಪತ್ರೆ, ಅದೂ ಆ ಕ್ಷಣವೇ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಟ್ಟರೆ ಏನೂ ಪ್ರಯೋಜನವಿಲ್ಲ. ಸುತ್ತಲಿನ ವಸ್ತು ಸರಿಸಿ, ತಲೆ ಕೆಳಗೆ ಮಡಚಿದ ಟವೆಲ್ ಇಡಿ, ಫಿಟ್ಸ್ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ.

ಕೊನೆಗೆ ಎಲ್ಲರ ಕೈಯಲ್ಲೂ ಒಂದು ಚೀಟಿ ಬರೆಸಿ: ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಸರಿಯಾಗಿ ಊಟ ಮಾಡುತ್ತಿದ್ದರಾ, ಬಿದ್ದಿದ್ದರಾ. ಊಟ ಬಿಟ್ಟು ಕುಡಿಯುವವರಲ್ಲಿ ಬಿ1 ವಿಟಮಿನ್ ಕಡಿಮೆಯಾಗಿರಬಹುದು; ಊಟದ ವಿಷಯ ಗೊತ್ತಾದರೆ ಡಾಕ್ಟರಿಗೆ ಅದರ ಇಂಜೆಕ್ಷನ್ ನೆನಪಾಗುತ್ತದೆ. ಆ ಚೀಟಿ, ಮನೆಯಲ್ಲಿರುವ ಮಾತ್ರೆಗಳು ಎರಡನ್ನೂ ಒಂದೇ ಕವರಿಗೆ ಹಾಕಿ ಆಂಬುಲೆನ್ಸ್‌ನವರ ಕೈಗೇ ಕೊಡಬೇಕು.