ಹೊನ್ನೆ ಮರಕ್ಕೆ ಗೋಡೆ ಪೇಂಟು: ಐದು ಮಳೆಗಾಲ ತಡೆದಿದೆ

ತೀರ್ಥಹಳ್ಳಿ ಕಡೆಯ ಹೆಂಚಿನ ಮನೆ. ಕಿಟಕಿ, ದಾರಂದ (ಬಾಗಿಲ ಚೌಕಟ್ಟು), ಸೂರಿನ ಹಲಗೆ ಎಲ್ಲ ಹಳೇ ಹೊನ್ನೆ. ಹೊರಗಿನ ಮರಕ್ಕೆ ಗೋಡೆಯ ಅಕ್ರಿಲಿಕ್ (ನೀರಿನಲ್ಲಿ ಕಲಸುವ) ಪೇಂಟು ಹೊಡೆಯುತ್ತೇನೆ ಅಂದಾಗ ಜೊತೆಯ ಪೇಂಟರ್‌ಗಳು "ಒಂದೇ ಮಳೆಗೆ ತೊಳ್ಕೊಂಡು ಹೋಗುತ್ತೆ ಮಾರಾಯಾ" ಅಂದಿದ್ದರು. ಪೇಂಟ್ ಅಂಗಡಿಯವರೂ ಎನಾಮೆಲ್ (ಹೊಳಪಿನ ಎಣ್ಣೆ ಪೇಂಟು) ಡಬ್ಬವನ್ನೇ ಮುಂದೆ ತಳ್ಳಿದರು. ಐದು ಮಳೆಗಾಲ ಆಯ್ತು. ಗಾಳಿಮಳೆ ನೇರವಾಗಿ ಹೊಡೆಯುವ ಪಡುವಣ ಬದಿಯಲ್ಲೂ ಸಿಪ್ಪೆ ಎದ್ದಿಲ್ಲ.

ಮೊದಲು ಇದೇ ಮನೆಗೆ ಎನಾಮೆಲ್ಲೇ ಇತ್ತು. ಮೊದಲ ವರ್ಷ ಹೊಳಪೋ ಹೊಳಪು. ಎರಡನೇ ಮಳೆಗೆ ಜೋಡಣೆಗಳಲ್ಲಿ ಕೂದಲೆಳೆಯ ಬಿರುಕು. ಅಲ್ಲಿಂದ ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಬೇಸಿಗೆ ಹೊತ್ತಿಗೆ ಅಂಗೈ ಅಗಲದ ಸಿಪ್ಪೆ. ಎರಡು ವರ್ಷಕ್ಕೊಮ್ಮೆ ಕೆರೆಯುವುದು, ಹೊಡೆಯುವುದು. ಪ್ರತಿ ಸಲ ಹದಿನಾಲ್ಕು ಹದಿನೈದು ಸಾವಿರ, ಅದರಲ್ಲಿ ಪೇಂಟಿನ ಖರ್ಚು ನಾಲ್ಕು ಸಾವಿರ ದಾಟುತ್ತಿರಲಿಲ್ಲ. ಉಳಿದದ್ದೆಲ್ಲ ಕೆರೆಯುವ ಕೂಲಿ.

ಮಧ್ಯೆ ಒಬ್ಬ ಬಡಗಿಯ ಮಾತಿನಂತೆ ಮುಂಬಾಗಿಲಿಗೆ ಪಿಯು (ಪಾಲಿಯುರೆಥೇನ್) ಪಾಲಿಷ್ ಆಯ್ತು. ದುಡ್ಡು ಹೆಚ್ಚುಕಡಿಮೆ ದುಪ್ಪಟ್ಟು. ನೋಡಲು ಬಹಳ ಚಂದ, ಒಪ್ಪುತ್ತೇನೆ. ಆದರೆ ಪಾರದರ್ಶಕ ಪದರದ ಮೂಲಕ ಬಿಸಿಲು ಒಳಗಿನ ಮರವನ್ನೇ ತಿನ್ನುತ್ತದೆ. ಒಂದೂವರೆ ವರ್ಷಕ್ಕೆ ಹಾಳೆಯಂತೆ ಎದ್ದು ಬಂತು. ನೆರಳಿರುವ ಜಗಲಿಗೆ ಸರಿ, ಬಿಸಿಲಿಗೆ ಬೇಡ.

ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಎನಾಮೆಲ್ ಹಳೆಯದಾದಷ್ಟೂ ಗಡುಸಾಗುತ್ತದೆ, ಅಕ್ರಿಲಿಕ್ ಹಿಗ್ಗಿ ಕುಗ್ಗಿ ಮರದ ಜೊತೆಗೇ ಇರುತ್ತದೆ.

ತೊಂದರೆ ಕೊಟ್ಟದ್ದು ಪ್ರೈಮರ್, ಅಂದರೆ ಪೇಂಟಿನ ಕೆಳಗೆ ಕೊಡುವ ಮೊದಲ ಕೋಟ್. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರಲ್ವಾ, ಆ ನೀರು ಬಣ್ಣ ತಿರುಗುವುದನ್ನು ನೋಡಿರುತ್ತೀರಿ. ಹೊನ್ನೆಗೆ ನೀರಿನ ಪ್ರೈಮರ್ ಹೊಡೆದರೂ ಅದೇ ಕಥೆ. ಕೆನೆ ಬಣ್ಣದ ಮೇಲೆ ಕಂದು ಕಲೆ ಎದ್ದು ನಿಂತಿತು. ಮೇಲೆ ಎಷ್ಟು ಕೋಟ್ ಕೊಟ್ಟರೂ ಮುಚ್ಚಲಿಲ್ಲ. ಎಣ್ಣೆಯ ವುಡ್ ಪ್ರೈಮರ್ ಕೊಟ್ಟು, ಚೆನ್ನಾಗಿ ಒಣಗಿಸಿ, ಮೇಲೆ ಅಕ್ರಿಲಿಕ್ ಎರಡು ಕೋಟ್ ಕೊಟ್ಟ ಮೇಲೆಯೇ ಕಲೆ ಏಳುವುದು ನಿಂತಿದ್ದು. ಗೋಡೆ ಪುಟ್ಟಿ ಮಾತ್ರ ಹೊರಗಿನ ಮರಕ್ಕೆ ತಾಗಿಸಲೇಬೇಡಿ.

ಹಲಗೆಯ ಕೊಯ್ದ ತುದಿಗಳಿಗೆ ಮೂರು ಸಲ ಪ್ರೈಮರ್ ಕುಡಿಸುತ್ತೇನೆ. ಮುಕ್ಕಾಲು ಪಾಲು ಹಲಗೆ ಕೊಳೆಯಲು ಶುರುವಾಗುವುದು ಅಲ್ಲಿಂದಲೇ. ಪ್ರೈಮರ್‌ಗೂ ಮೊದಲು ತುದಿಗೆ ಇನ್ನೊಂದು ಸವರುತ್ತೇನೆ. ಅದೇನು ಅಂತ ಇಲ್ಲಿ ಹೇಳುವುದಿಲ್ಲ, ಅದರಿಂದಲೇ ನನಗೆ ಎರಡು ಮೂರು ಮನೆ ಕೆಲಸ ಸಿಕ್ಕಿದೆ.

ಕಾಲವೂ ಮುಖ್ಯ. ದೀಪಾವಳಿ ಆದ ಕೂಡಲೇ ಎಲ್ಲರೂ ಬ್ರಷ್ ಹಿಡಿಯುತ್ತಾರೆ, ಮರ ಆಗಿನ್ನೂ ಒಳಗೆ ಹಸಿ. ನಾನು ಶುರು ಮಾಡುವುದು ಜನವರಿಯಲ್ಲಿ. ಬೆಳಿಗ್ಗೆ ಇಬ್ಬನಿ ಆರುವವರೆಗೆ ಬ್ರಷ್ ಮುಟ್ಟುವುದಿಲ್ಲ, ಮೂರೂವರೆಗೆ ನಿಲ್ಲಿಸುತ್ತೇನೆ. ಕೆರೆದ ಮರ ಆರಿದ ಕೂಡಲೇ ಪ್ರೈಮರ್. ಬರಿ ಮರ ವಾರಗಟ್ಟಲೆ ಬಿಸಿಲು ಕುಡಿದರೆ ಮೇಲಿನ ನಾರು ಸಾಯುತ್ತದೆ, ಪೇಂಟು ಹಿಡಿಯುವುದಿಲ್ಲ. ಹಳೇ ಪೇಂಟನ್ನು ಒಣಗಿದ್ದಾಗ ಉಜ್ಜಬೇಡಿ, ದೂಳಿನಲ್ಲಿ ವಿಷದ ಸೀಸ ಇರಬಹುದು. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಳೆಯ ಪದರದಲ್ಲಿ ಎಷ್ಟಿದೆಯೋ! ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ.

ಕೊಟ್ಟಿಗೆಯ ಪಕಾಸಿಗೆ (ಸೂರಿನ ಇಳಿಜಾರು ಮರಕ್ಕೆ) ಸುಮ್ನೆ ಒಂದು ಪ್ರಯೋಗ ಮಾಡಿದೆ. ಅರ್ಧಕ್ಕೆ ಗೇರು ಸಿಪ್ಪೆಯ ಎಣ್ಣೆ, ಅರ್ಧಕ್ಕೆ ಗಾಡಿಯ ಕರಿ ಎಣ್ಣೆ. ಗೇರೆಣ್ಣೆ ಹಚ್ಚಿದ ಕಡೆ ಇವತ್ತಿಗೂ ಗೆದ್ದಲಿಲ್ಲ. ಕೈಗೆ ತಾಗಿದರೆ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಕರಿ ಎಣ್ಣೆ ಎರಡು ಮಳೆಗೆ ಮಾಸಿತು. ಎರಡರ ಮೇಲೂ ಮುಂದೆ ಯಾವ ಪೇಂಟೂ ಕೂರುವುದಿಲ್ಲ, ಹಾಗಾಗಿ ಕಾಣುವ ಮರಕ್ಕೆ ಹಚ್ಚಬೇಡಿ.

ಅಕ್ರಿಲಿಕ್‌ಗೆ ಒಂದು ಕೊರತೆ ಇದೆ. ಕಿಟಕಿ ಬಾಗಿಲು ಚೌಕಟ್ಟಿಗೆ ತಾಗುವ ಅಂಚಿನಲ್ಲಿ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಕಿಟಕಿ ತೆರೆಯಲು ಎಳೆದಾಡಬೇಕು. ಅಷ್ಟು ಅಂಚಿಗೆ ಮಾತ್ರ ಎನಾಮೆಲ್ ಇಟ್ಟಿದ್ದೇನೆ.

ಒಟ್ಟು ಖರ್ಚು ಆಗಿನ ರೇಟಿನಲ್ಲಿ ಹದಿನೆಂಟು ಸಾವಿರದ ಆಸುಪಾಸು. ಎನಾಮೆಲ್‌ಗಿಂತ ಮೂರು ಸಾವಿರ ಜಾಸ್ತಿ. ಈ ಐದು ವರ್ಷದಲ್ಲಿ ಕೆರೆಯುವ ಕೂಲಿ ಒಮ್ಮೆಯೂ ಕೊಟ್ಟಿಲ್ಲ. ಅಕ್ಟೋಬರ್‌ನಲ್ಲಿ ಏಣಿ ಹಾಕಿ ಹಲಗೆ ತುದಿ ನೋಡುತ್ತೇನೆ, ಬೇಕಾದ ಕಡೆ ಗುರುತು ಹಾಕಿಕೊಂಡು ಜನವರಿಯಲ್ಲಿ ಒಂದು ಕೈ ಬಳಿಯುತ್ತೇನೆ. ಅದಕ್ಕೆ ಕಾಲು ಲೀಟರ್ ಸಾಕು.